ಉಪಕರಣದ ಔಚಿತ್ಯ: ಡೊರೊಥಿಯಾ ಲ್ಯಾಂಗ್ ಅವರ ಒಂದು ಚಿತ್ರದ ವಿಚಾರ

1

ಛಾಯಾಚಿತ್ರವನ್ನು ಕುರಿತು ಕನ್ನಡದಲ್ಲಿ ನಾನು ಕಂಡಮಟ್ಟಿಗೆ ಬಂದಿರುವ ಬರವಣಿಗೆ ಎರಡು ಬಗೆಯದು. ಒಂದು ಕೈಪಿಡಿಯ ಜಾತಿಗೆ ಸೇರಿದುದು. ಬೆಳಕು ಎಷ್ಟಿರಬೇಕು, ಮಸೂರದ ಕಿಂಡಿಯನ್ನು ಎಷ್ಟು ತೆರೆಯಬೇಕು ಎಂಬುದನ್ನು ಅದು ಹೇಳಿಕೊಡುತ್ತದೆ. ಇನ್ನೊಂದು ರಸಾಸ್ವಾದನೆಯ ಜಾತಿಯದು. ಚಿತ್ರದಲ್ಲಿ ಕಾಣುವ ಮುಖದ ಕರುಣೆಯನ್ನೋ ಗಾಂಭೀರ್ಯವನ್ನೋ ಅದು ಬಣ್ಣಿಸುತ್ತದೆ. ಮೊದಲನೆಯದಕ್ಕೆ ಚಿತ್ರದ ಅರ್ಥ ಬೇಡ. ಎರಡನೆಯದಕ್ಕೆ ಚಿತ್ರ ತೆಗೆದವರ ಹೆಗಲು ಬೇಡ. ಇವೆರಡರ ನಡುವೆ ಒಂದು ಪ್ರಶ್ನೆ ಕೇಳುವವರಿಲ್ಲದೆ ಉಳಿದಿದೆ. ಜನಜೀವನವನ್ನು ದಾಖಲೆ ಮಾಡಹೊರಟ ಛಾಯಾಗ್ರಾಹಕನು ಯಾವ ಕ್ಯಾಮರಾವನ್ನು ಹೊತ್ತನು, ದಿನಕ್ಕೆ ಎಷ್ಟು ದುಡಿದನು ಎಂಬ ಸಂಗತಿಗೂ ಅವನ ಚಿತ್ರದ ಸತ್ಯಕ್ಕೂ ಸಂಬಂಧವುಂಟೆ?

ಉಂಟು ಎಂಬುದು ಈ ಲೇಖನದ ಪ್ರತಿಜ್ಞೆ. ನಮ್ಮ ಆಲಂಕಾರಿಕರಲ್ಲಿ ಕ್ಷೇಮೇಂದ್ರನು ಕಾವ್ಯದ ಪ್ರತಿಯೊಂದು ಅಂಗಕ್ಕೂ ಔಚಿತ್ಯವೆಂಬ ಒರೆಗಲ್ಲನ್ನು ಹಿಡಿದನು. ಆ ಮಾತನ್ನು ಉಪಕರಣಕ್ಕೂ ವಿಸ್ತರಿಸಬಹುದೆಂದು ನನಗೆ ತೋರುತ್ತದೆ. ಆದರೆ ಉಪಕರಣವೆಂದರೆ ಕ್ಯಾಮರಾ ಮಾತ್ರವೆ ಎಂಬುದನ್ನು ಮೊದಲು ನಿರ್ಣಯಿಸಿಕೊಳ್ಳಬೇಕು. ಇದಕ್ಕೆ ಡೊರೊಥಿಯಾ ಲ್ಯಾಂಗ್ ಅವರ ಜಗತ್ಪ್ರಸಿದ್ಧವಾದ ಚಿತ್ರವೊಂದು ಒಳ್ಳೆಯ ಉದಾಹರಣೆ. ವಲಸೆಗಾರ ತಾಯಿ ಎಂಬ ಹೆಸರಿನಿಂದ ಅದನ್ನು ಲೋಕವೆಲ್ಲ ಬಲ್ಲದು. ಊರು ಬಿಟ್ಟು ಬಂದು ಪರಸ್ಥಳದಲ್ಲಿ ನೆಲೆನಿಂತ ನಮ್ಮಂಥವರಿಗೆ ಆ ಹೆಸರೇ ಒಂದು ಆಹ್ವಾನ.

2

ಲ್ಯಾಂಗ್ (1895–1965) ಅವರು ಮೊದಲು ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಸಿರಿವಂತರ ಭಾವಚಿತ್ರಗಳನ್ನು ತೆಗೆಯುತ್ತಿದ್ದ ಸ್ಟುಡಿಯೋದ ಒಡತಿ. ಏಳನೆಯ ವಯಸ್ಸಿನಲ್ಲಿ ಪೋಲಿಯೋ ತಗುಲಿ ಬಲಗಾಲು ಸೊರಗಿತ್ತು. ಜೀವಮಾನವೆಲ್ಲ ಕುಂಟುತ್ತಲೇ ನಡೆದರು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ನಿರುದ್ಯೋಗಿಗಳು ಬೀದಿಗೆ ಬಂದಾಗ ಆಕೆಯೂ ಸ್ಟುಡಿಯೋದಿಂದ ಬೀದಿಗಿಳಿದರು. 1935ರಲ್ಲಿ ಅಮೆರಿಕದ ಸರ್ಕಾರವು ಬಡ ಬೇಸಾಯಗಾರರ ಪುನರ್ವಸತಿಗಾಗಿ ತೆರೆದ ಇಲಾಖೆಯನ್ನು ಸೇರಿದರು. 1937ರಿಂದ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಎಂಬ ಹೆಸರು ಪಡೆದ ಈ ಇಲಾಖೆಯ ಛಾಯಾಚಿತ್ರ ವಿಭಾಗಕ್ಕೆ ರಾಯ್ ಸ್ಟ್ರೈಕರ್ ಅವರು ಮುಖ್ಯಸ್ಥರು. ಆ ವಿಭಾಗವೂ ಅದರ ಮುಂದುವರಿಕೆಯಾದ ಯುದ್ಧಕಾಲದ ಕಚೇರಿಯೂ 1944ರವರೆಗೆ ಕೂಡಿಹಾಕಿದ ಕಪ್ಪುಬಿಳುಪಿನ ನೆಗೆಟಿವ್‌ಗಳು ಸುಮಾರು 1,75,000. ಅವು ಇಂದು ವಾಷಿಂಗ್‌ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ.

ಈ ಕೆಲಸದ ಹೊರೆ ಎಂಥದೆಂಬುದನ್ನು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ವಾರಗಟ್ಟಲೆ ಮೋಟಾರಿನಲ್ಲಿ ಅಲೆಯಬೇಕು, ಶಿಬಿರಗಳನ್ನು ಹುಡುಕಬೇಕು, ಅಪರಿಚಿತರ ಸಂಕೋಚವನ್ನು ಕಳೆಯಬೇಕು, ಚಿತ್ರ ತೆಗೆಯಬೇಕು, ಅವರಾಡಿದ ಮಾತನ್ನು ಮರೆಯುವ ಮುನ್ನ ಬರೆದಿಡಬೇಕು, ಪ್ರತಿಯೊಂದು ನೆಗೆಟಿವಿಗೂ ವಿವರಣೆಯನ್ನು ಸಿದ್ಧಪಡಿಸಬೇಕು. ಇದರ ಮೇಲೆ ಕಚೇರಿಯೊಡನೆ ತಿಕ್ಕಾಟ. ನೆಗೆಟಿವ್‌ಗಳೆಲ್ಲ ವಾಷಿಂಗ್‌ಟನ್ನಿನಲ್ಲಿ ಒಂದೆಡೆ ಇರಬೇಕೆಂಬುದು ಸ್ಟ್ರೈಕರ್ ಅವರ ನಿಯಮ. ಮೂರು ಸಾವಿರ ಮೈಲಿಯಾಚೆ ಬರ್ಕ್ಲಿಯಲ್ಲಿದ್ದ ಲ್ಯಾಂಗ್ ಅವರಿಗೆ ತಮ್ಮ ಕತ್ತಲೆಕೋಣೆಯಲ್ಲಿ ತಾವೇ ತೊಳೆದು ಮುದ್ರಿಸಬೇಕೆಂಬ ಹಂಬಲ. 1939ರ ಅಂತ್ಯಕ್ಕೆ ಆಕೆಯನ್ನು ಆ ಕೆಲಸದಿಂದ ಬಿಡಿಸಲಾಯಿತು.

3

ಲ್ಯಾಂಗ್ ಅವರ ಕೈಯಲ್ಲಿದ್ದ ಮುಖ್ಯ ಯಂತ್ರ ಗ್ರಾಫ್ಲೆಕ್ಸ್. 4 ಅಂಗುಲಕ್ಕೆ 5 ಅಂಗುಲ ಅಳತೆಯ ಫಿಲ್ಮ್ ಹಾಳೆಯನ್ನು ಅದಕ್ಕೆ ತೊಡಿಸಬೇಕು. ಸಾಮಾನ್ಯವಾಗಿ ಬಳಕೆಯಲ್ಲಿದ್ದ ಹೋಲ್ಡರಿನಲ್ಲಿ ಹಿಡಿಯುವುದು ಎರಡೇ ಹಾಳೆ. ಅವು ಮುಗಿದರೆ ಬೇರೊಂದು ಹೋಲ್ಡರು, ಎಲ್ಲವೂ ಮುಗಿದರೆ ಕತ್ತಲೆಯನ್ನು ಹುಡುಕಿಕೊಂಡು ಹೋಗಿ ಮತ್ತೆ ತುಂಬಬೇಕು. ಇಷ್ಟಾಗಿ 1925ರಲ್ಲಿಯೇ ಲೈಕಾ ಮಾರುಕಟ್ಟೆಗೆ ಬಂದಿತ್ತು. ಕೋಟಿನ ಕಿಸೆಯಲ್ಲಿ ಅಡಗುವ, ಒಂದು ಸುರುಳಿಗೆ 36 ಚಿತ್ರ ಕೊಡುವ ಆ ಕ್ಯಾಮರಾವನ್ನು ಹಿಡಿದು ಫ್ರಾನ್ಸಿನ ಕಾರ್ತಿಯೇ-ಬ್ರೆಸೋಂ ಅವರು ಬೀದಿಯಲ್ಲಿ ಯಾರ ಗಮನಕ್ಕೂ ಬಾರದಂತೆ ಸುಳಿದಾಡುತ್ತಿದ್ದರು. ಕಾಲು ಸೊರಗಿದ ಹೆಂಗಸು ಹಗುರವಾದುದನ್ನು ಬಿಟ್ಟು ಭಾರವಾದುದನ್ನು ಆಯ್ದುದೇಕೆ?

ಒಂದು ಕಾರಣ ಲೆಕ್ಕಕ್ಕೆ ಸಿಕ್ಕುವಂಥದು. ಗ್ರಾಫ್ಲೆಕ್ಸಿನ ಹಾಳೆಯ ವಿಸ್ತೀರ್ಣ ಲೈಕಾದ ಚೌಕಕ್ಕಿಂತ ಸುಮಾರು 15 ಪಾಲು ದೊಡ್ಡದು. ಹರಿದ ತೋಳಿನ ಎಳೆ, ಉಗುರಿನ ಸಂದಿನ ಮಣ್ಣು, ಹಣೆಯ ಗೆರೆ ಇವು ದೊಡ್ಡ ಹಾಳೆಯ ಮೇಲೆ ನಿಸ್ಸಂಶಯವಾಗಿ ನಿಲ್ಲುತ್ತವೆ. ದಾಖಲೆಗೆ ಈ ಸೂಕ್ಷ್ಮವೇ ಪ್ರಾಣ.

ಎರಡನೆಯ ಕಾರಣ ಇದಕ್ಕಿಂತ ಮಿಗಿಲಾದುದು. ಗ್ರಾಫ್ಲೆಕ್ಸನ್ನು ಕಣ್ಣಿಗೆ ಒತ್ತಿ ಹಿಡಿಯುವುದಿಲ್ಲ. ನಡುವಿನ ಮಟ್ಟದಲ್ಲಿ ಹಿಡಿದು, ಮೇಲಿನ ತೊಗಲ ಗೂಡಿನೊಳಗೆ ತಲೆ ಬಾಗಿಸಿ ನೋಡಬೇಕು. ಎದುರಿಗಿರುವವರನ್ನು ಗುರಿಯಿಟ್ಟಂತಾಗುವುದಿಲ್ಲ. ಯಂತ್ರ ದೊಡ್ಡದಾದ್ದರಿಂದ ಕದ್ದು ತೆಗೆಯುವ ಸಂಭವವೇ ಇಲ್ಲ. ತೆಗೆಯಿಸಿಕೊಳ್ಳುವವರಿಗೆ ತಿಳಿದೇ ತಿಳಿಯುತ್ತದೆ, ಒಪ್ಪಿಗೆ ಬೇಕೇ ಬೇಕಾಗುತ್ತದೆ. ನಿಧಾನವೆಂಬುದು ಇಲ್ಲಿ ದೋಷವಲ್ಲ, ಮರ್ಯಾದೆ.

ಅದೇ ಇಲಾಖೆಯಲ್ಲಿದ್ದ ವಾಕರ್ ಇವಾನ್ಸ್ ಅವರು 1936ರಲ್ಲಿ ಅಲಬಾಮಾ ಪ್ರಾಂತದ ಗೇಣಿದಾರರ ನಡುವೆ ಇದಕ್ಕೂ ನಾಲ್ಮಡಿ ದೊಡ್ಡ ಹಾಳೆಯ, ಮುಕ್ಕಾಲಿಯ ಮೇಲೆ ನಿಲ್ಲಿಸಬೇಕಾದ ಕ್ಯಾಮರಾವನ್ನೂ ಬಳಸಿದರು. ಅವರ ನೋಟ ನಿಂತ ವಸ್ತುಗಳ ನೋಟ: ಹಲಗೆಯ ಗೋಡೆ, ಮಂಚ, ಅಡಿಗೆಮನೆ, ಗೋಡೆಯ ಮುಂದೆ ಕದಲದೆ ನಿಂತ ಹೆಂಗಸು. ಲ್ಯಾಂಗ್ ಅವರದು ಮುಂದುವರಿಯುವ ನೋಟ; ಎರಡು ಹೆಜ್ಜೆ ಹತ್ತಿರ ಹೋಗುವುದು, ನಿಲ್ಲುವುದು, ಮತ್ತೆ ಹತ್ತಿರ ಹೋಗುವುದು. ಅದಕ್ಕೆ ಮುಕ್ಕಾಲಿ ಅಡ್ಡಿ, ಲೈಕಾದ ಅವಸರವೂ ಅಡ್ಡಿ. ಕ್ಯಾಮರಾದ ಮಟ್ಟಿಗೆ ಆಕೆಯ ಆಯ್ಕೆ ಸಂಪೂರ್ಣ ಉಚಿತವಾದುದೆಂದೇ ನನ್ನ ಅಭಿಪ್ರಾಯ.

4

ಇನ್ನು ಚಿತ್ರಕ್ಕೆ ಬರೋಣ. 1936ರ ಮಾರ್ಚ್ ತಿಂಗಳು. ಸುಮಾರು ಒಂದು ತಿಂಗಳ ಸಂಚಾರವನ್ನು ಮುಗಿಸಿ ಲ್ಯಾಂಗ್ ಮನೆಯ ದಾರಿ ಹಿಡಿದಿದ್ದರು. ಮಳೆ, ಮೋಟಾರಿನಲ್ಲಿ ಒಬ್ಬರೇ, ತೆಗೆದ ಫಿಲ್ಮೆಲ್ಲ ಕಟ್ಟಿಟ್ಟಾಗಿತ್ತು. ಕ್ಯಾಲಿಫೋರ್ನಿಯದ ನಿಪೋಮೋ ಎಂಬಲ್ಲಿ ಬಟಾಣಿ ಕೀಳುವವರ ಶಿಬಿರದ ಫಲಕ ಕಾಣಿಸಿತು. ನಿಲ್ಲದೆ ಮುಂದೆ ಹೋದರು. ಸುಮಾರು 20 ಮೈಲಿ ಹೋದ ಮೇಲೆ ಮನಸ್ಸು ಕೇಳದೆ ಹಿಂದಿರುಗಿದರು. ಇದನ್ನು ಆಕೆಯೇ 1960ರಲ್ಲಿ ಬರೆದಿದ್ದಾರೆ. ಅಲ್ಲಿದ್ದುದು ಹತ್ತು ನಿಮಿಷ ಮಾತ್ರ. ತೆಗೆದುದು ಐದಾರು ಹಾಳೆ. ಮೊದಲು ದೂರದಿಂದ ಹರಕು ಡೇರೆ, ಪೆಟ್ಟಿಗೆ, ಮಕ್ಕಳು. ಹತ್ತಿರವಾದಂತೆ ಡೇರೆ ಅಂಚಿಗೆ ಸರಿಯುತ್ತದೆ. ಕೊನೆಗೆ ತಾಯಿ, ಮಡಿಲಲ್ಲಿ ಕೂಸು, ಎರಡು ಪಕ್ಕಕ್ಕೂ ಮುಖ ತಿರುಗಿಸಿ ಒರಗಿದ ಮಕ್ಕಳು, ಕೆನ್ನೆಗೆ ತಾಗಿದ ಕೈ, ಎತ್ತಲೋ ನೆಟ್ಟ ದೃಷ್ಟಿ. ಮಕ್ಕಳ ಮುಖ ಮರೆಯಾದುದರಿಂದಲೇ ಅವರ ಹಸಿವೆಲ್ಲ ತಾಯಿಯ ಒಂದು ಮುಖದಲ್ಲಿ ಬಂದು ಕೂಡಿತು. ದಣಿದ ದೇಹದಿಂದ ಇಪ್ಪತ್ತು ಮೈಲಿ ಹಿಂದಿರುಗಿದ ಮನಸ್ಸಿನ ಬಲವನ್ನು ಕೊಂಡಾಡದಿರುವುದು ಕೃತಘ್ನತೆಯಾದೀತು.

ಆದರೆ ಆಕೆ ಆ ತಾಯಿಯ ಹೆಸರನ್ನು ಕೇಳಲಿಲ್ಲ. ಇದನ್ನೂ ಆಕೆಯೇ ಹೇಳಿದ್ದಾರೆ. ವಯಸ್ಸು ಮೂವತ್ತೆರಡು, ಮಕ್ಕಳು ಏಳು ಎಂಬಷ್ಟು ದಾಖಲಾಯಿತು. ಹೊಟ್ಟೆಪಾಡಿಗಾಗಿ ಮೋಟಾರಿನ ಟಯರುಗಳನ್ನು ಮಾರಿಕೊಂಡಿದ್ದರೆಂಬ ಮಾತು ಲ್ಯಾಂಗ್ ಅವರ ಕಥನದಲ್ಲಿ ಬಂದಿತು. ಚಿತ್ರ ಸ್ಯಾನ್‌ಫ್ರಾನ್ಸಿಸ್ಕೋದ ಪತ್ರಿಕೆಯಲ್ಲಿ ಅಚ್ಚಾಯಿತು. ಸರ್ಕಾರ ಆ ಶಿಬಿರಕ್ಕೆ 20,000 ಪೌಂಡು ಆಹಾರವನ್ನು ಕಳುಹಿಸಿತು. ಅಷ್ಟರಲ್ಲಿ ಆ ಕುಟುಂಬ ಅಲ್ಲಿಂದ ಹೊರಟುಹೋಗಿತ್ತು.

ಹೆಸರು ಹೊರಬಿದ್ದುದು 42 ವರ್ಷಗಳ ಬಳಿಕ, 1978ರಲ್ಲಿ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್. ಒಕ್ಲಹೋಮದಲ್ಲಿ ಹುಟ್ಟಿದ, ಚೆರೋಕೀ ಮೂಲನಿವಾಸಿ ವಂಶದ ಹೆಂಗಸು. ಮನೆಯವರ ಹೇಳಿಕೆಯಂತೆ ಅವರು ಆ ಶಿಬಿರದಲ್ಲಿ ನೆಲೆಸಿದವರಲ್ಲ. ಮೋಟಾರು ಕೆಟ್ಟು ದಾರಿಯಲ್ಲಿ ತಂಗಿದ್ದವರು. ಟಯರು ಮಾರಿದ ಸಂಗತಿ ನಡೆದೇ ಇಲ್ಲ, ಲ್ಯಾಂಗ್ ಬೇರೆ ಯಾರದೋ ಕಥೆಯನ್ನು ಇವರದರೊಡನೆ ಬೆರೆಸಿರಬೇಕು. ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲ, ತನ್ನ ಹೆಸರನ್ನೂ ಕೇಳಲಿಲ್ಲ, ತೆಗೆಯಿಸಿಕೊಳ್ಳದೆ ಇದ್ದಿದ್ದರೇ ಚೆನ್ನಾಗಿತ್ತು ಎಂದು ಆಕೆ ನೊಂದು ನುಡಿದರು. ಸರ್ಕಾರಿ ಚಿತ್ರವಾದ್ದರಿಂದ ಲ್ಯಾಂಗ್ ಅವರಿಗೂ ಅದರಿಂದ ಆದಾಯವಿರಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ಇಲ್ಲಿ ಹೇಳಬೇಕು. 1983ರಲ್ಲಿ ಫ್ಲಾರೆನ್ಸ್ ಕಾಯಿಲೆ ಬಿದ್ದಾಗ ಮಕ್ಕಳು ಲೋಕದ ಮುಂದೆ ಸಹಾಯ ಬೇಡಿದರು. ಚಿತ್ರವನ್ನು ಬಲ್ಲ ಎಷ್ಟೋ ಜನ ಹಣವನ್ನೂ ಕಾಗದಗಳನ್ನೂ ಕಳುಹಿಸಿದರು. ಅದೇ ವರ್ಷ ಆಕೆ ತೀರಿಕೊಂಡರು.

5

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಹೆಸರಿಲ್ಲದುದರಿಂದಲೇ ಆ ಮುಖ ಎಲ್ಲ ತಾಯಂದಿರ ಮುಖವಾಯಿತು. ಹೆಸರಿದ್ದಿದ್ದರೆ ಅದು ಒಬ್ಬಳ ಕಷ್ಟವಾಗಿ ಉಳಿಯುತ್ತಿತ್ತು. ಮೇಲಾಗಿ ಆ ಇಲಾಖೆಯ ವಿವರಣೆಗಳಲ್ಲಿ ಹೆಸರನ್ನು ಬಿಡುವುದು ವಾಡಿಕೆಯೇ ಆಗಿತ್ತು. ಸಾಧಾರಣೀಕರಣದ ತತ್ತ್ವವನ್ನು ಓದಿದವರಿಗೆ ಈ ವಾದ ಹಿತವಾಗಿ ಕೇಳಿಸುತ್ತದೆ.

ಇದಕ್ಕೆ ಉತ್ತರ ಇವಾನ್ಸ್ ಅವರ ಕೆಲಸದಲ್ಲಿಯೇ ಇದೆ. ಅವರು ಜೇಮ್ಸ್ ಏಜಿ ಅವರೊಡನೆ 1941ರಲ್ಲಿ ಹೊರತಂದ ಗ್ರಂಥದಲ್ಲಿ ಗೇಣಿದಾರ ಕುಟುಂಬಗಳಿಗೆ ಕಲ್ಪಿತ ನಾಮಗಳನ್ನು ಕೊಡಲಾಗಿದೆ. ಆದರೆ ಅವರು ಹೆಸರನ್ನು ಬಲ್ಲವರಾಗಿ ಮರೆಸಿದರು. ಬಲ್ಲವನ ಮೌನ ರಕ್ಷಣೆ. ಕೇಳದವನ ಮೌನ ಕೊರತೆ. ಸಾಧಾರಣೀಕರಣ ನೋಡುವವನ ಹೃದಯದಲ್ಲಿ ನಡೆಯತಕ್ಕ ವ್ಯಾಪಾರ, ದಾಖಲೆ ಬರೆಯುವವನ ಪುಸ್ತಕದಲ್ಲಲ್ಲ. ನನ್ನ ವೃತ್ತಿಯಿಂದ ಒಂದು ದೃಷ್ಟಾಂತ ಕೊಡುವುದಾದರೆ, ಬ್ಯಾಂಕಿಗೆ ಬಂದ ಹಣ ಯಾರದೆಂದು ತಿಳಿಯದಿದ್ದರೆ ಅದನ್ನು ಅನಾಮತ್ತು ಖಾತೆಯಲ್ಲಿ ಇಡುತ್ತೇವೆ. ಹಣ ಸಾಚಾ, ಮೊತ್ತ ಸರಿ. ಆದರೂ ಅದು ಸಲ್ಲಬೇಕಾದವರಿಗೆ ಸಲ್ಲುವುದಿಲ್ಲ. ಲೋಕದ ಕರುಣೆಯೆಲ್ಲ ಫ್ಲಾರೆನ್ಸ್ ಅವರ ಪಾಲಿಗೆ 42 ವರ್ಷ ಅನಾಮತ್ತು ಖಾತೆಯಲ್ಲಿಯೇ ಇತ್ತು.

ಹಾಗಾದರೆ ಲ್ಯಾಂಗ್ ಅವರು ಜನರ ಮಾತಿಗೆ ಬೆಲೆಗೊಡದವರೆ? ಎಷ್ಟು ಮಾತ್ರಕ್ಕೂ ಅಲ್ಲ. ಜನರೊಡನೆ ಮಾತಾಡಿ, ಕೇಳಿದುದನ್ನು ಮರೆಯುವ ಮುನ್ನ ಮೋಟಾರಿಗೆ ಓಡಿಬಂದು ಬರೆದುಕೊಳ್ಳುವುದು ಆಕೆಯ ಪದ್ಧತಿ. ಆಕೆಯ ಪತಿ ಪಾಲ್ ಟೇಲರ್ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಅನೇಕ ಸಂಚಾರಗಳಲ್ಲಿ ಈಕೆ ಚಿತ್ರ ತೆಗೆಯುತ್ತಿದ್ದರೆ ಅವರು ಜನರ ಮಾತನ್ನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. 1939ರಲ್ಲಿ ಇಬ್ಬರೂ ಕೂಡಿ ಪ್ರಕಟಿಸಿದ ಅಮೆರಿಕನ್ ಎಕ್ಸೋಡಸ್ ಎಂಬ ಗ್ರಂಥದಲ್ಲಿ ವಲಸೆಗಾರರ ಮುಖದ ಜೊತೆಗೆ ಅವರ ಮಾತೂ ಅಚ್ಚಾಗಿದೆ. ನಿಪೋಮೋದಲ್ಲಿ ಟೇಲರ್ ಇರಲಿಲ್ಲ. ಕ್ಯಾಮರಾ ಇತ್ತು, ಫಿಲ್ಮ್ ಇತ್ತು, ಮರಳಿ ಬರುವಷ್ಟು ಅಂತಃಕರಣವಿತ್ತು. ಎರಡನೆಯ ಜೊತೆ ಕೈ ಇರಲಿಲ್ಲ, ಹನ್ನೊಂದನೆಯ ನಿಮಿಷ ಇರಲಿಲ್ಲ. ಕೊರತೆ ಬಿದ್ದುದು ಹೃದಯದಲ್ಲಲ್ಲ, ಸಲಕರಣೆಯಲ್ಲಿ. ದಾಖಲೆಯ ಛಾಯಾಗ್ರಾಹಕನ ಸಲಕರಣೆಯಲ್ಲಿ ಟಿಪ್ಪಣಿ ಪುಸ್ತಕವೂ ಅದನ್ನು ತುಂಬುವ ವಿರಾಮವೂ ಸೇರಬೇಕೆಂದು ನಾನು ಹೇಳುವುದು ಈ ಅರ್ಥದಲ್ಲಿ.

6

ಹಗುರವಾದ ಕ್ಯಾಮರಾ ಬಂದುದರಿಂದ ಈ ತೊಡಕು ನಿವಾರಣೆಯಾಯಿತೆ? ಯೂಜೀನ್ ಸ್ಮಿತ್ ಅವರ ಉದಾಹರಣೆ ಇಲ್ಲವೆನ್ನುತ್ತದೆ. 1955ರಲ್ಲಿ ಪಿಟ್ಸ್‌ಬರ್ಗ್ ನಗರವನ್ನು ಕುರಿತು ಸುಮಾರು ನೂರು ಚಿತ್ರಗಳನ್ನು ಒದಗಿಸುವ ಕೆಲಸಕ್ಕೆ ಅವರನ್ನು ಕರೆಯಲಾಗಿತ್ತು. ಅದು ಕೆಲವು ವಾರಗಳ ಕೆಲಸ. ಸಣ್ಣ ಕ್ಯಾಮರಾ ಹಿಡಿದ ಸ್ಮಿತ್ ಹತ್ತು ಸಾವಿರಕ್ಕೂ ಮಿಕ್ಕಿ ನೆಗೆಟಿವ್‌ಗಳನ್ನು ತೆಗೆದರು. ಹತ್ತು ಸಾವಿರವೆಂದೇ ಹಿಡಿದರೂ ಒಂದೊಂದನ್ನು ಒಂದು ನಿಮಿಷ ನೋಡಲು ದಿನಕ್ಕೆ ಎಂಟು ಗಂಟೆಯಂತೆ ಮೂರು ವಾರ ಬೇಕು. ಆರಿಸುವುದು, ಮುದ್ರಿಸುವುದು ಅನಂತರದ ಮಾತು. ವರ್ಷಗಟ್ಟಲೆ ಕತ್ತಲೆಕೋಣೆಯಲ್ಲಿ ದುಡಿದ ಮೇಲೆ 1959ರ ಒಂದು ಛಾಯಾಚಿತ್ರ ವಾರ್ಷಿಕದಲ್ಲಿ 88 ಚಿತ್ರಗಳು ಬೆಳಕು ಕಂಡವು. ಸ್ಮಿತ್ ಅದನ್ನು ಸೋಲೆಂದೇ ಎಣಿಸಿದರು. ಹೆಗಲ ಮೇಲಿನ ಭಾರ ಇಳಿದುದು ನಿಜ. ಅದು ಮೇಜಿನ ಮೇಲೆ ಹೋಗಿ ಕುಳಿತಿತು. ಉಪಕರಣ ಹಗುರವಾದಂತೆ ದುಡಿಮೆ ಕಡಿಮೆಯಾಗುವುದಿಲ್ಲ, ಸ್ಥಳಾಂತರವಾಗುತ್ತದೆ.

ಈ ಮಾತು ನಮಗೆ ಇಂದು ಹೆಚ್ಚು ಸಂಬಂಧಿಸಿದೆ. ಮೈಸೂರಿನಲ್ಲಿ ಹುಟ್ಟಿ, ಬಹುಕಾಲ ದೆಹಲಿಯಲ್ಲಿದ್ದು ದೇಶವನ್ನೆಲ್ಲ ಸುತ್ತಿದ ಟಿ. ಎಸ್. ಸತ್ಯನ್ (1923–2009) ಅವರು ಚಿತ್ರ ತೆಗೆದುದಲ್ಲದೆ ತಮ್ಮ ಅನುಭವವನ್ನು ಕನ್ನಡದಲ್ಲಿಯೂ ಬರೆದಿಟ್ಟರು. ಅಂಥವರು ನಮ್ಮಲ್ಲಿ ವಿರಳ. ಈಗ ಪ್ರತಿಯೊಬ್ಬರ ಕಿಸೆಯ ಫೋನಿನಲ್ಲಿಯೂ ಕ್ಯಾಮರಾ ಇದೆ. ಫಿಲ್ಮಿನ ಖರ್ಚಿಲ್ಲ, ಹೋಲ್ಡರಿನ ಭಾರವಿಲ್ಲ. ಹೊರನಾಡ ನಗರಗಳಲ್ಲಿ ಹೋಟೆಲಿನ ಒಲೆಯ ಮುಂದೆ ನಿಂತ, ಕಟ್ಟಡಕ್ಕೆ ಕಲ್ಲು ಹೊತ್ತ, ರಾತ್ರಿಶಾಲೆಯಲ್ಲಿ ಓದಿದ ಕನ್ನಡಿಗರ ಚಿತ್ರಗಳು ನಮ್ಮ ಮನೆಗಳಲ್ಲಿಯೂ ಸಂಘಗಳ ಕಪಾಟುಗಳಲ್ಲಿಯೂ ಇವೆ. ಅವುಗಳ ಬೆನ್ನಿನ ಮೇಲೆ ಹೆಸರು, ಊರು, ವರ್ಷ ಇವೆಯೆ ಎಂದು ಪರೀಕ್ಷಿಸಿದರೆ ಈ ಲೇಖನದ ವಿಷಯ ಅಮೆರಿಕಕ್ಕೆ ಮಾತ್ರ ಸೇರಿದುದಲ್ಲವೆಂಬುದು ಮನವರಿಕೆಯಾದೀತು. ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಲ್ಯಾಂಗ್ ಅವರ ಚಿತ್ರ ಮಹತ್ತಾದುದು. ಆ ತೀರ್ಪನ್ನು ಮೇಲಿನ ಯಾವ ಮಾತೂ ಅಲುಗಿಸಲಾರದು. ಆದರೆ ಒಂದು ಚಿತ್ರವನ್ನು ಬೆಲೆಕಟ್ಟುವಾಗ ಕ್ಯಾಮರಾ ಯಾವುದು, ಎಷ್ಟು ಹೊತ್ತು ನಿಂತರು, ಜೊತೆಗೆ ಯಾರಿದ್ದರು, ಏನನ್ನು ಬರೆದುಕೊಂಡರು ಎಂಬ ನಾಲ್ಕು ಪ್ರಶ್ನೆಗಳನ್ನು ವಿಮರ್ಶಕನು ಕೇಳಲೇಬೇಕು. ಮೊದಲನೆಯದಕ್ಕೆ ಗ್ರಾಫ್ಲೆಕ್ಸ್ ಚೆನ್ನಾಗಿ ಉತ್ತರ ಕೊಟ್ಟಿತು. ಉಳಿದ ಮೂರಕ್ಕೆ ಉತ್ತರ ಕೊಡಬಲ್ಲ ಯಂತ್ರ ಇನ್ನೂ ಆಗಿಲ್ಲ. ಅದನ್ನು ಮನುಷ್ಯನೇ ಹೊರಬೇಕು.