ಅಚ್ಚು ತಪ್ಪಿದ ನಾಣ್ಯ

ನಾಣ್ಯದ ದೋಷದಲ್ಲಿ ಎರಡು ಬಗೆ: ಟಂಕಸಾಲೆಯೊಳಗೆ ಹುಟ್ಟಿದ್ದು, ಹೊರಬಂದ ಮೇಲೆ ಆದದ್ದು. ಸಂಗ್ರಹಕಾರರು ಬೆಲೆ ಕೊಡುವುದು ಮೊದಲನೆಯದಕ್ಕೆ ಮಾತ್ರ. ಸಿಂಧನೂರಿನ ಕಿರಾಣಿ ಅಂಗಡಿಯಲ್ಲಿ, ಮಸ್ಕಿಯ ಚಹಾದಂಗಡಿಯಲ್ಲಿ, ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸಿಗುವ ಚಿಲ್ಲರೆಯಲ್ಲಿ ಗೀರು, ತಗ್ಗು, ಸವಕಲು ಬೇಕಾದಷ್ಟು. ಅಚ್ಚಿನ ತಪ್ಪು ಅಪರೂಪ. ಅದನ್ನು ಗುರುತಿಸಲು ನಾಣ್ಯ ಹುಟ್ಟುವ ಬಗೆ ಗೊತ್ತಿರಬೇಕು.

ಲೋಹದ ಪಟ್ಟಿಯಿಂದ ದುಂಡು ಬಿಲ್ಲೆ ಕತ್ತರಿಸುತ್ತಾರೆ. ಅದು ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಕೂತು, ಎರಡು ಅಚ್ಚುಗಳ ನಡುವೆ ಒಂದೇ ಒತ್ತಿಗೆ ಎರಡೂ ಮುಖ ಪಡೆಯುತ್ತದೆ. ಈಗಾಗಲೇ ಕತ್ತರಿಸಿದ ತೂತಿನ ಮೇಲೆ ಕತ್ತರಿ ಬಿದ್ದರೆ ಬಿಲ್ಲೆಯ ಅಂಚಿನಲ್ಲಿ ಕಚ್ಚಿ ತೆಗೆದಂಥ ಬಾಗು ಉಳಿಯುತ್ತದೆ. ಅಂಥ ನಾಣ್ಯದಲ್ಲಿ ಬಾಗಿಗೆ ನೇರ ಎದುರಿನ ಅಂಚೂ ಸಾಮಾನ್ಯವಾಗಿ ಮಸುಕಾಗಿರುತ್ತದೆ. ಅರದಿಂದ ಉಜ್ಜಿ ಮಾಡಿದ ನಕಲಿಯಲ್ಲಿ ಎದುರಂಚು ಗಟ್ಟಿಯಾಗಿಯೇ ಇರುವುದರಿಂದ ಮೋಸ ಬಯಲಾಗುತ್ತದೆ.

ಅಚ್ಚು ಬಿರುಕು ಬಿಟ್ಟರೆ ಲೋಹ ಆ ಬಿರುಕಿಗೆ ನುಗ್ಗಿ ನಾಣ್ಯದ ಮೇಲೆ ಉಬ್ಬುಗೆರೆಯಾಗುತ್ತದೆ. ಉಬ್ಬಿದ ಗೆರೆ ಅಚ್ಚಿನದು, ಒಳಸರಿದ ಗೀರು ರಸ್ತೆಯದು: ಹೊಸಬರಿಗೆ ಇದೊಂದೇ ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ. ಬಿಲ್ಲೆ ಪಕ್ಕಕ್ಕೆ ಸರಿದರೆ ಚಿತ್ರ ಒಂದು ಕಡೆಗೆ ಹೋಗಿ ಇನ್ನೊಂದು ಕಡೆ ಖಾಲಿ ಲೋಹ ಉಳಿಯುತ್ತದೆ. ಮಸ್ಕಿಯ ಶಾಸನ ಬರೆಸಿದ ಅಶೋಕನ ಕಾಲದ ಬೆಳ್ಳಿ ನಾಣ್ಯಗಳಲ್ಲಿ ಮುದ್ರೆ ಅಂಚಿನಾಚೆ ಬೀಳುವುದೇ ವಾಡಿಕೆ; ಅಲ್ಲಿ ಅದನ್ನು ದೋಷವೆನ್ನುವವರಿಲ್ಲ.

ಎಲ್ಲಕ್ಕಿಂತ ಸೊಗಸಾದದ್ದು ವ್ಯಾಪಾರಿಗಳು ‘ಲಖಿ’ ಎನ್ನುವ ತಪ್ಪು. ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆ ಅದರ ಮೇಲೆ ಬಂದರೆ ಒಂದೇ ಚಿತ್ರ ಎರಡೂ ಕಡೆ ಮೂಡುತ್ತದೆ. ಒಂದು ಕಡೆ ಉಬ್ಬಾಗಿ, ಇನ್ನೊಂದು ಕಡೆ ತಗ್ಗಾಗಿ, ಎಡ ಬಲ ಅದಲುಬದಲಾಗಿ. ಅಚ್ಚು ತಿರುಗಿದ ನಾಣ್ಯ ಇದಕ್ಕಿಂತ ಸುಲಭವಾಗಿ ಸಿಗುತ್ತದೆ. ಸಿಂಹಮುಖವನ್ನು ನೆಟ್ಟಗೆ ಹಿಡಿದು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿದರೆ ಹಿಂಬದಿಯೂ ನೆಟ್ಟಗಿರಬೇಕು. ತುಸು ವಾಲಿದ್ದರೆ ವಿಶೇಷವಿಲ್ಲ. ಪೂರಾ ತಲೆಕೆಳಗಾಗಿದ್ದರೆ ಎತ್ತಿಡಬೇಕು. 10 ಮತ್ತು 20 ರೂಪಾಯಿ ನಾಣ್ಯಗಳಲ್ಲಿ ನಡುಬಿಲ್ಲೆ ಹೊರಬಳೆಯ ಮೇಲೆ ಹತ್ತಿದೆಯೇ ಎಂದೂ ನೋಡಬೇಕು.

ವಿನ್ಯಾಸದ ಭೇದ ದೋಷವಲ್ಲ. 10 ರೂಪಾಯಿ ನಾಣ್ಯದಲ್ಲಿ ಕೆಲವಕ್ಕೆ ಹದಿನೈದು ಕಿರಣ, ರೂಪಾಯಿ ಚಿಹ್ನೆಯಿಲ್ಲ; 2011ರಲ್ಲಿ ಬಂದ ವಿನ್ಯಾಸಕ್ಕೆ ಹತ್ತು ಕಿರಣ, ಚಿಹ್ನೆಯಿದೆ. ಇದನ್ನೇ ಖೋಟಾ ಎಂದು ಅಂಗಡಿಯವರು ಬೇಡವೆನ್ನತೊಡಗಿದಾಗ, 14 ವಿನ್ಯಾಸಗಳೂ ಚಲಾವಣೆಯವೇ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸಾರಬೇಕಾಯಿತು. ಇಸವಿಯ ಕೆಳಗಿನ ಗುರುತೂ ಹೀಗೆಯೇ: ನಕ್ಷತ್ರ ಹೈದರಾಬಾದಿನದು, ವಜ್ರಾಕೃತಿ ಮುಂಬೈಯದು, ದುಂಡು ಚುಕ್ಕೆ ನೋಯ್ಡಾದ್ದು. ಏನೂ ಇಲ್ಲದಿದ್ದರೆ ಕೋಲ್ಕತ್ತ, ಗುರುತು ಬಿಟ್ಟುಹೋದದ್ದಲ್ಲ. ನಿಜಾಮರ ಕಾಲದಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಓಡಾಡಿದ ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕಾ ನಾಣ್ಯಗಳೂ ಹೈದರಾಬಾದಿನ ಟಂಕಸಾಲೆಯವೇ.

ಸಿಕ್ಕ ನಾಣ್ಯವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬಾರದು. ತಿಕ್ಕಿದರೆ ಬೆಲೆ ಇಳಿಯುತ್ತದೆ. ಭೂತಗನ್ನಡಿ, ತೂಕದ ಸಣ್ಣ ಯಂತ್ರ, ಆಯಸ್ಕಾಂತ ಇದ್ದರೆ ಸಾಕು: ಈಗಿನ 1, 2 ರೂಪಾಯಿಯ ಸ್ಟೀಲ್ ನಾಣ್ಯಗಳು ಅಂಟುತ್ತವೆ, 5 ರೂಪಾಯಿಯ ಹಿತ್ತಾಳೆ ಬಣ್ಣದವು ಅಂಟುವುದಿಲ್ಲ. ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆನ್ನುವ ಜಾಹೀರಾತು ಸುಳ್ಳು. ಹಳೆ ನೋಟು, ನಾಣ್ಯದ ಮಾರಾಟಕ್ಕೆ ತನ್ನ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೇಳುವವರು ವಂಚಕರು ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.