ಉಸಿರಿನ ಆಟಕ್ಕೆ ಉಸಿರಿನ ರೋಗ

ಮೊಳಕಾಲ್ಮುರು ಸೀಮೆಯ ಜಾತ್ರೆಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ನೋಡುವಾಗ ನನ್ನ ಕಣ್ಣು ರೈಡರ್‌ನ ಕಾಲಿಗಿಂತ ಮೊದಲು ಅವನ ಎದೆಯ ಮೇಲೆ ನಿಲ್ಲುತ್ತದೆ. ನಡುಗೆರೆ ದಾಟುವ ಮುನ್ನ ಎಳೆದುಕೊಂಡ ಒಂದು ಉಸಿರು, ಅದರ ಬಲದ ಮೇಲೆ 30 ಸೆಕೆಂಡಿನ ದಾಳಿ. ಪಳಗಿದವನು ಮೊದಮೊದಲು ದನಿ ತಗ್ಗಿಸುತ್ತಾನೆ. ಎಡ ಕಾರ್ನರ್‌ನವನ ಮುಂದೆ ಕಾಲು ಚಾಚಿ ಆಸೆ ಹುಟ್ಟಿಸುತ್ತಾನೆ, ಹಿಂದೆ ಸರಿಯುತ್ತಾನೆ, ಬೋನಸ್ ಗೆರೆಯತ್ತ ನೋಡಿದ ಹಾಗೆ ಮಾಡುತ್ತಾನೆ. ಉಸಿರನ್ನೆಲ್ಲ ಕೊನೆಯ ಜಿಗಿತಕ್ಕೆ ಕೂಡಿಟ್ಟಿರುತ್ತಾನೆ. ಹಿಡಿತಕ್ಕೆ ಸಿಕ್ಕರೆ ಅವನ ಮೇಲೆ ನಾಲ್ಕೈದು ಮೈ, ಮುಖಕ್ಕೆ ಮುಖ ತಾಗುವಷ್ಟು ಹತ್ತಿರ, ಎಲ್ಲರದೂ ಏದುಸಿರು. ಉಸಿರಿನಲ್ಲಿ ಹರಡುವ ವೈರಸ್‌ಗೆ ಇಷ್ಟು ಅನುಕೂಲವಾದ ಆಟಗಳು ಹೆಚ್ಚಿಲ್ಲ.

ಈ ಮಾತು ಈಗೇಕೆಂದರೆ, ಚಳ್ಳಕೆರೆಯಲ್ಲಿ ಆಡುವ ಹುಡುಗರ ಬಾಯಲ್ಲಿ ಒಂದು ಪ್ರಶ್ನೆ ಇನ್ನೂ ಉಳಿದಿದೆ. "ಎರಡು ಡೋಸ್ ಹಾಕಿಸ್ಕೊಂಡ ದೊಡ್ಡ ದೊಡ್ಡ ಪ್ಲೇಯರ್‌ಗಳಿಗೇ ಕೊರೊನಾ ಬಂತು. ಮತ್ತೆ ಲಸಿಕೆ ಯಾತಕ್ಕೆ?" ಬಂದದ್ದು ನಿಜ. ಅದನ್ನು ಮುಚ್ಚಿಟ್ಟು ಲಸಿಕೆಯ ಪರ ವಾದಿಸುವುದು ನನಗೆ ಬೇಕಿಲ್ಲ.

ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಪ್ರಕಟವಾದದ್ದು 2021ರ ಡಿಸೆಂಬರ್ 2ರಂದು, ಎರಡೂ ಬೆಂಗಳೂರಿನವು. ಅವರಲ್ಲೊಬ್ಬರು ವಿದೇಶಕ್ಕೆ ಹೋಗದ, ಎರಡೂ ಡೋಸ್ ಪಡೆದಿದ್ದ ವೈದ್ಯರು. ಅದಾದ ಇಪ್ಪತ್ತೇ ದಿನಕ್ಕೆ ಅದೇ ಊರಿನ ವೈಟ್‌ಫೀಲ್ಡ್‌ನ ಹೋಟೆಲೊಂದರಲ್ಲಿ ಪ್ರೊ ಕಬಡ್ಡಿಯ ಎಂಟನೇ ಆವೃತ್ತಿ ಶುರುವಾಯಿತು. ಪ್ರೇಕ್ಷಕರಿಲ್ಲ, ತಂಡಗಳೆಲ್ಲ ಬಯೋಬಬಲ್ ಒಳಗೆ. ಆದರೂ ಜನವರಿಯ ಕೊನೆಯ ವಾರಕ್ಕೆ ಎರಡು ತಂಡಗಳಿಗೆ 12 ಆಟಗಾರರನ್ನು ಹೊಂದಿಸಲು ಆಗಲಿಲ್ಲ. ಪಂದ್ಯಗಳನ್ನು ಕಡಿಮೆ ಮಾಡಿ ವೇಳಾಪಟ್ಟಿಯನ್ನೇ ಮತ್ತೆ ಬರೆಯಬೇಕಾಯಿತು.

ಅದೇ ತಿಂಗಳು ದೆಹಲಿಯ ಇಂಡಿಯಾ ಓಪನ್ ಬ್ಯಾಡ್ಮಿಂಟನ್‌ನಿಂದ ಪಾಸಿಟಿವ್ ಬಂದ ಏಳು ಮಂದಿ ಹೊರನಡೆದರು. ಅವರಲ್ಲಿ ಅಶ್ವಿನಿ ಪೊನ್ನಪ್ಪ, ಮಿಥುನ್ ಮಂಜುನಾಥ್ ನಮ್ಮವರು. ಅದಕ್ಕೂ ಹಿಂದೆ, 2021ರ ಸೆಪ್ಟೆಂಬರ್‌ನಲ್ಲಿ, ಎರಡು ಡೋಸ್ ಪಡೆದಿದ್ದ ಕ್ರಿಕೆಟ್ ಕೋಚ್ ರವಿ ಶಾಸ್ತ್ರಿಗೆ ಇಂಗ್ಲೆಂಡ್‌ನಲ್ಲಿ ಸೋಂಕು ತಗುಲಿತು; ಬೆನ್ನಿಗೇ ತಂಡದ ಫಿಸಿಯೊಗೂ ಬಂದು ಮ್ಯಾಂಚೆಸ್ಟರ್ ಟೆಸ್ಟ್ ರದ್ದಾಯಿತು. ಆ ಟೆಸ್ಟನ್ನು ಮರುವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಡಿಸಿದಾಗ ನಾಯಕ ರೋಹಿತ್ ಶರ್ಮಾಗೇ ಕೊರೊನಾ. ಅವರ ಜಾಗಕ್ಕೆ ಬೇಕಾದೀತೆಂದು ನಮ್ಮ ಮಯಂಕ್ ಅಗರ್‌ವಾಲ್ ವಿಮಾನ ಹತ್ತಿದರು. ಅದೇ ವರ್ಷದ ಜುಲೈನಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿ ಬೆಂಗಳೂರಿನಲ್ಲಿ ಮೈ ಕುದುರಿಸಿಕೊಳ್ಳುತ್ತಿದ್ದ ಕೆ.ಎಲ್. ರಾಹುಲ್‌ಗೂ ಪಾಸಿಟಿವ್ ಬಂತು. ವೆಸ್ಟ್ ಇಂಡೀಸ್ ಸರಣಿ ಕೈತಪ್ಪಿತು.

ಕಬಡ್ಡಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಲಸಿಕೆ ಎನ್ನುವುದು ರೈಡರ್‌ನನ್ನು ನಡುಗೆರೆಯಲ್ಲೇ ತಡೆಯುವ ತಂಡವಲ್ಲ. ಅಂಥ ತಂಡ ಎಲ್ಲೂ ಇಲ್ಲ. ಅವನು ಒಳಗೆ ಬರುತ್ತಾನೆ, ಒಂದಿಬ್ಬರನ್ನು ಮುಟ್ಟಿಯೂ ಬಿಡುತ್ತಾನೆ. ಆಮೇಲೆ ಸರಪಳಿ ಕಟ್ಟಿ ಕೆಡವುತ್ತಾರೆ. ತೋಳಿಗೆ ಚುಚ್ಚಿದ ಲಸಿಕೆಯ ಪ್ರತಿಕಾಯಗಳು ಹೆಚ್ಚಾಗಿ ಇರುವುದು ರಕ್ತದಲ್ಲಿ. ಮೂಗು, ಗಂಟಲಿನ ತೇವದ ಪದರದಲ್ಲಿ ಅವು ಕಡಿಮೆ, ತಿಂಗಳು ಕಳೆದಂತೆ ಇನ್ನೂ ಕಡಿಮೆ. ಮೈಮೇಲಿನ ಮುಳ್ಳಿನ ರೂಪವನ್ನೇ ಬದಲಿಸಿಕೊಂಡು ಬಂದ ಒಮಿಕ್ರಾನ್ ಅಲ್ಲಿ ಸಲೀಸಾಗಿ ನುಸುಳಿತು. ಆದರೆ ಹಳೆಯ ಪಟ್ಟುಗಳನ್ನು ನೆನಪಿಟ್ಟುಕೊಂಡ ಟಿ ಕೋಶಗಳು ಒಳಗೆ ಕಾದಿರುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಮೊದಲು ರೋಗ ಬಹುಮಟ್ಟಿಗೆ ಸೋಲುವುದು ಹಾಗೆ.

ನಮ್ಮ ರಾಜ್ಯದ್ದೇ ಎರಡು ದಿನಗಳ ಲೆಕ್ಕ ನೋಡಿ. 2021ರ ಮೇ 5ರಂದು ಕರ್ನಾಟಕದಲ್ಲಿ 50,112 ಹೊಸ ಪ್ರಕರಣ, 346 ಸಾವು. 2022ರ ಜನವರಿ 23ರಂದು, ಅಂದರೆ ವೈಟ್‌ಫೀಲ್ಡ್‌ನಲ್ಲಿ ತಂಡಗಳು ಒದ್ದಾಡುತ್ತಿದ್ದ ಹೊತ್ತಿನಲ್ಲೇ, 50,210 ಪ್ರಕರಣ, 19 ಸಾವು. ಒಮಿಕ್ರಾನ್ ಸ್ವಭಾವದಲ್ಲೇ ಕೊಂಚ ಸೌಮ್ಯ, ಎಷ್ಟೋ ಜನರಿಗೆ ಮೊದಲೇ ಸೋಂಕು ಬಂದು ಹೋಗಿತ್ತು, ನಿಜ. ಆದರೂ ಆ 346 ಮತ್ತು 19ರ ನಡುವಿನ ಅಂತರದಲ್ಲಿ ಲಸಿಕೆಯ ಪಾಲು ದೊಡ್ಡದು. ಚಳ್ಳಕೆರೆಯ ಹುಡುಗರ ಪ್ರಶ್ನೆಗೆ ನನ್ನ ಉತ್ತರ ಇದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಉಳಿಯುತ್ತದೆ, ನನಗೆ ಹೆಚ್ಚು ಚಿಂತೆ ಅದರದೇ. ಲಸಿಕೆ ಆಸ್ಪತ್ರೆಯಿಂದ ಉಳಿಸಬಹುದು, ಜ್ವರದಲ್ಲಿ ಆಡಲು ಪರವಾನಗಿ ಕೊಡುವುದಿಲ್ಲ. ಸೋಂಕು ತಗುಲಿದವನು ಲಸಿಕೆ ಪಡೆದಿದ್ದರೂ ಬೇರೆಯವರಿಗೆ ಹರಡಬಲ್ಲ. ಅವನ ಮೈಗೂ ಅಪಾಯ ತಪ್ಪಿದ್ದಲ್ಲ: ವೈರಾಣು ಜ್ವರದಲ್ಲಿ ಹೃದಯದ ಸ್ನಾಯು ಊದಿಕೊಂಡಿದ್ದರೆ, ಆ ಹೊತ್ತಿನ ಜೋರು ಶ್ರಮ ಜೀವಕ್ಕೇ ಎರವಾಗಬಹುದು. ಅದಕ್ಕೇ ವೃತ್ತಿಪರ ಆಟಗಾರರನ್ನು ಮೊದಲು ನಡಿಗೆ, ಆಮೇಲೆ ಲಘು ಓಟ, ಆಮೇಲೆ ಅಭ್ಯಾಸ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಂಗಳಕ್ಕೆ ಕರೆತರುತ್ತಾರೆ. ನಮ್ಮ ಹಳ್ಳಿ ತಂಡಗಳಲ್ಲಿ ನಡೆಯುವುದು ಬೇರೆ. ಮುಖ್ಯ ರೈಡರ್‌ಗೆ ಮೈ ಕಾದಿದ್ದರೆ ಒಂದು ಮಾತ್ರೆ ನುಂಗಿಸಿ ಇಳಿಸುತ್ತಾರೆ. ಅವನೂ ಊರಿನ ಮಾನಕ್ಕಾಗಿ ಇಳಿಯುತ್ತಾನೆ. ಅಂಥವನ ದಾಳಿ ನೋಡಿದರೆ ತಿಳಿಯುತ್ತದೆ: ಅರ್ಧಕ್ಕೇ ದನಿ ಒಡೆಯುತ್ತದೆ, ಬೋನಸ್ ಗೆರೆಯ ಹತ್ತಿರವೂ ಹೋಗದೆ ಹಿಂದಿರುಗುತ್ತಾನೆ, ಬಂದವನೇ ಮಂಡಿಗೆ ಕೈಯೂರಿ ಬಗ್ಗಿ ನಿಲ್ಲುತ್ತಾನೆ. ಇದನ್ನು ಕೆಚ್ಚು ಎಂದು ಕೂಗುವವರ ಜೊತೆ ನಾನು ಚಪ್ಪಾಳೆ ತಟ್ಟಲಾರೆ.

ಗೌರಸಮುದ್ರ ಮಾರಮ್ಮನಿಗೆ ನಡೆದುಕೊಳ್ಳುವ ಸೀಮೆ ಇದು. ಮನೆಯಲ್ಲಿ ಮಗುವಿಗೆ ಅಮ್ಮ ಆದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಬಂದುಹೋಗುವವರನ್ನು ದೂರ ಇಡುವುದು ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆ ಎಚ್ಚರ ಕಬಡ್ಡಿ ಅಂಗಳಕ್ಕೂ ಬರಬೇಕು.

ಪ್ರೊ ಕಬಡ್ಡಿಯ ಆ ಎಂಟನೇ ಆವೃತ್ತಿ ಅರ್ಧಕ್ಕೆ ನಿಲ್ಲದೆ ಮುಗಿದದ್ದು ಪಂದ್ಯಗಳನ್ನು ಮುಂದೂಡುವ ಮನಸ್ಸು ಮಾಡಿದ್ದರಿಂದ. ಫೆಬ್ರುವರಿ 25ರ ಫೈನಲ್‌ನಲ್ಲಿ ದಕ್ಷಿಣ ಕನ್ನಡದ ಪ್ರಶಾಂತ್ ರೈ ನಾಯಕತ್ವದ ಪಟ್ನಾ ಪೈರೇಟ್ಸ್ 36-37ರಲ್ಲಿ ದಬಾಂಗ್ ದೆಹಲಿಗೆ ಸೋತಿತು. ಒಂದೇ ಅಂಕ! ನಾನು ಕಂಡ ಒಳ್ಳೆಯ ಫೈನಲ್‌ಗಳಲ್ಲಿ ಅದೂ ಒಂದು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕಿನ ಪಂದ್ಯಾವಳಿ ಸಮಿತಿಗಳು ಅಷ್ಟೆಲ್ಲ ಮಾಡಬೇಕಿಲ್ಲ. ಪ್ರವೇಶ ಶುಲ್ಕ ಕಟ್ಟಿಸಿಕೊಳ್ಳುವಾಗ 12 ಹೆಸರು ಬರೆಸಿಕೊಳ್ಳಲಿ. ಜ್ವರ ಬಂದವನ ಬದಲಿಗೆ ಪಂದ್ಯದ ದಿನವೂ ಹೊಸ ಹೆಸರು ಸೇರಿಸಲು ದಂಡವಿಲ್ಲದೆ ಒಪ್ಪಲಿ. ತಂಡಕ್ಕೆ ತಂಡವೇ ಮಲಗಿದ್ದರೆ ಎದುರಾಳಿಗೆ ವಾಕೋವರ್ ಕೊಡುವ ಬದಲು ಆ ಪಂದ್ಯವನ್ನು ವಾರ ಬಿಟ್ಟು ಆಡಿಸಲಿ.