ಇಳಿವಯಸ್ಸಿನ ಕಾವ್ಯ: ತಾಮಸ್ ಹಾರ್ಡಿ

ಕವಿತೆಯು ಯೌವನದ ಸೊತ್ತೆಂಬ ಮಾತು ನಮ್ಮಲ್ಲಿ ಗಾದೆಯಂತೆ ನಡೆದುಬಂದಿದೆ. 26 ತುಂಬುವ ಮೊದಲೇ ತೀರಿಕೊಂಡ ಕೀಟ್ಸನನ್ನೂ, 30 ತುಂಬುವ ಮೊದಲೇ ಕಡಲಿನ ಪಾಲಾದ ಶೆಲ್ಲಿಯನ್ನೂ ಇದಕ್ಕೆ ಸಾಕ್ಷಿಯಾಗಿ ಕರೆಯುವರು. ಐವತ್ತು ದಾಟಿದ ಗೃಹಸ್ಥನೊಬ್ಬನು ಪದ್ಯ ಬರೆಯತೊಡಗಿದರೆ ಮನೆಯವರು ನಸುನಗುವರು. ಬರೆದವನೂ ಹಾಳೆಯನ್ನು ಲೆಕ್ಕದ ಪುಸ್ತಕದೊಳಗೆ ಮರೆಮಾಡುವನು. ಈ ಸಂಕೋಚಕ್ಕೆ ಆಧಾರವುಂಟೇ ಎಂದು ವಿಚಾರಿಸುವುದಕ್ಕೆ ಆಂಗ್ಲಕವಿ ತಾಮಸ್ ಹಾರ್ಡಿಗಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ.

ಹಾರ್ಡಿಯು 1840ರಲ್ಲಿ ಡಾರ್ಸೆಟ್ ಪ್ರಾಂತದ ಕಲ್ಲುಕೆಲಸದ ಮೇಸ್ತ್ರಿಯೊಬ್ಬನ ಮಗನಾಗಿ ಹುಟ್ಟಿದನು. ವಾಸ್ತುಶಿಲ್ಪವನ್ನು ಕಲಿತು ಲಂಡನ್ನಿನಲ್ಲಿ ಕೆಲಸದಲ್ಲಿದ್ದಾಗ ಪದ್ಯಗಳನ್ನು ಬರೆದನು. ಅವು ಅಚ್ಚಿನ ಮುಖ ಕಾಣಲಿಲ್ಲ. ಜೀವನೋಪಾಯವು ಅವನನ್ನು ಕಾದಂಬರಿಯ ಕಡೆಗೆ ಎಳೆಯಿತು. ‘ಟೆಸ್’ 1891ರಲ್ಲಿಯೂ ‘ಜೂಡ್’ 1895ರಲ್ಲಿಯೂ ಪುಸ್ತಕವಾಗಿ ಬಂದವು. ‘ಜೂಡ್’ಗೆ ದೊರೆತ ನಿಂದೆಯು ಕಠೋರವಾದುದು, ಅನಂತರ ಅವನು ಹೊಸ ಕಾದಂಬರಿಯನ್ನು ಬರೆಯಲಿಲ್ಲ. 1898ರಲ್ಲಿ, ತನ್ನ 58ನೆಯ ವಯಸ್ಸಿನಲ್ಲಿ, ಮೊದಲನೆಯ ಕವನಸಂಗ್ರಹವನ್ನು ಹೊರತಂದನು. ಅದರಲ್ಲಿ ಮೂವತ್ತು ವರ್ಷಗಳ ಹಿಂದಣ ಪದ್ಯಗಳೂ ಇದ್ದವು. ಆದಕಾರಣ ಇದನ್ನು ಹೊಸ ಪ್ರೇಮವೆನ್ನುವುದಕ್ಕಿಂತ ಹಳೆಯ ಪ್ರೇಮದ ಪುನರ್ದರ್ಶನವೆನ್ನಬೇಕು. ಅಲ್ಲಿಂದ 1928ರಲ್ಲಿ ಕಾಲವಾಗುವವರೆಗೂ ಅವನು ಕಾವ್ಯವನ್ನು ಬಿಡಲಿಲ್ಲ. ಅವನ ಕವಿತೆಗಳ ಸಂಖ್ಯೆ 900ನ್ನು ಮೀರುತ್ತದೆ.

ಸಂಖ್ಯೆಯಿಂದ ಕವಿಯನ್ನು ಅಳೆಯಲಾಗದು; ಗುಣವನ್ನು ನೋಡೋಣ. 1912ರ ನವೆಂಬರಿನಲ್ಲಿ ಅವನ ಪತ್ನಿ ಎಮ್ಮಾ ತೀರಿಕೊಂಡಳು. ಬಹುಕಾಲದಿಂದ ಅವರಿಬ್ಬರೂ ಒಂದೇ ಸೂರಿನಡಿ ಪರಕೀಯರಂತೆ ಬಾಳಿದ್ದರು. 1913ರ ಮಾರ್ಚಿಯಲ್ಲಿ, 72 ವರ್ಷದ ಆ ವೃದ್ಧನು, 1870ರಲ್ಲಿ ಆಕೆಯನ್ನು ಮೊದಲು ಕಂಡ ಕಾರ್ನ್‌ವಾಲಿನ ಕಡಲತೀರಕ್ಕೆ ಮರಳಿ ಹೋದನು. ಆ ದುಃಖದಿಂದ ಹುಟ್ಟಿದ ಕವಿತೆಗಳು 1914ರ ಸಂಗ್ರಹದಲ್ಲಿವೆ. ಮೃತರನ್ನು ಹೊಗಳಿ ಸ್ವರ್ಗಸುಖದ ಭರವಸೆಯಿಂದ ಸಮಾಧಾನ ಹೇಳುವ ಚರಮಗೀತೆಯ ರೂಢಿ ಇವುಗಳಲ್ಲಿಲ್ಲ. ಪತಿಯು ತನ್ನ ಉಪೇಕ್ಷೆಯನ್ನು ಮುಚ್ಚಿಡುವುದಿಲ್ಲ. ನಮ್ಮ ಆಲಂಕಾರಿಕರು ಪುನಸ್ಸಮಾಗಮದ ಆಶೆ ಉಳಿದಿದ್ದರೆ ವಿಪ್ರಲಂಭವೆಂದೂ, ಅದು ಕಡಿದುಹೋದರೆ ಕರುಣವೆಂದೂ ವಿಂಗಡಿಸುವರು. ಹಾರ್ಡಿಯಲ್ಲಿಯಾದರೋ ಆಶೆ ಪೂರ್ಣವಾಗಿ ಕಡಿದ ಮೇಲೆಯೇ ಅನುರಾಗವು ಮರುಹುಟ್ಟು ಪಡೆಯುತ್ತದೆ. ಕಂಡ ದಿನಕ್ಕೂ ನೆನೆದ ದಿನಕ್ಕೂ ನಡುವೆ ನಾಲ್ವತ್ತಮೂರು ವರ್ಷಗಳ ಅಂತರವಿದೆ. ಆ ಅಂತರವೇ ಇಲ್ಲಿ ಕಾವ್ಯವಸ್ತು. ಇದನ್ನು ಯುವಕನು ಬರೆಯಲಾರನು.

ದೋಷಗಳೂ ಇಲ್ಲದಿಲ್ಲ. ಹಾರ್ಡಿಯ ಪದಪ್ರಯೋಗವು ಅನೇಕ ಕಡೆ ಒರಟು. ಗಾಥಿಕ್ ಶಿಲ್ಪದಲ್ಲಿ ಅಸಮತೆಯೇ ಜೀವಕಳೆಯಾಗಿರುವಂತೆ ಪದ್ಯದಲ್ಲಿಯೂ ಇರತಕ್ಕದ್ದೆಂಬುದು ಅವನ ಮತ. ಶೋಕಗೀತೆಗಳಲ್ಲಿ ಈ ಒರಟುತನವು ಗದ್ಗದಕಂಠದಂತೆ ಒಪ್ಪುತ್ತದೆ. ಆದರೆ ವಿಧಿಯ ಅಪಹಾಸ್ಯವನ್ನು ತೋರಿಸಲೆಂದೇ ಹೆಣೆದ ಹಲವು ಕಥನಕವನಗಳಲ್ಲಿ ಕೊನೆಯೇನೆಂಬುದು ನಡುವಿನಲ್ಲಿಯೇ ತಿಳಿದುಹೋಗುತ್ತದೆ. ಅಲ್ಲಿ ಯಾವ ಮತವೂ ಕವಿಯನ್ನು ಕಾಪಾಡದು.

ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರೂ ಕೂಡಿ ಕಾವ್ಯಕ್ಕೆ ಒಂದೇ ಹೇತುವೆಂದನು. ಇವುಗಳಲ್ಲಿ ವಯಸ್ಸಿನ ಹೆಸರಿಲ್ಲ. ಲೋಕಾವಲೋಕನದಿಂದ ಬರುವ ನಿಪುಣತೆಯಂತೂ ವರ್ಷಗಳೊಡನೆ ಬೆಳೆಯತಕ್ಕದ್ದು. 1943ರಲ್ಲಿ ‘ಮಂಕುತಿಮ್ಮನ ಕಗ್ಗ’ವು ಪ್ರಕಟವಾದಾಗ ಡಿ.ವಿ.ಜಿ.ಯವರಿಗೆ 56 ವರ್ಷ. ಆ ಪದ್ಯಗಳ ಹಿಂದೆಯೂ ದೀರ್ಘವಾದ ಲೋಕಾನುಭವವಿದೆ. ಆದರೆ ಅನುಭವವೊಂದೇ ಸಾಲದು. ಕಾದಂಬರಿಗಳ ಕಾಲದಲ್ಲಿಯೂ ಹಾರ್ಡಿಯ ಕಿವಿಯು ಛಂದಸ್ಸನ್ನು ಮರೆತಿರಲಿಲ್ಲ. ಮುಪ್ಪಿನಲ್ಲಿಯೂ ಅವನು ತಿದ್ದುವ ಶ್ರಮವನ್ನು ಬಿಡಲಿಲ್ಲ. ತಡವಾಗಿ ಬರೆಯತೊಡಗಿದವರು ವಯಸ್ಸಿಗಾಗಿ ನಾಚಬೇಕಾಗಿಲ್ಲ, ವಯಸ್ಸಿನ ಹೆಸರಿನಲ್ಲಿ ರಿಯಾಯಿತಿಯನ್ನೂ ಬೇಡಬಾರದು. ಲೆಕ್ಕದ ಪುಸ್ತಕದೊಳಗಿನ ಹಾಳೆಯನ್ನು ಹೊರತೆಗೆದು ಇನ್ನೊಮ್ಮೆ ತಿದ್ದಲಿ. ತಿದ್ದಿದ ಮೇಲೆ ಮನೆಯವರಿಗೆ ಓದಿಹೇಳಲಿ.